ಕಟಪಾಡಿಯಲ್ಲಿ ಇಳಿಯದವಳು

ಪರದೆಯ ಮೇಲೆ ತಾರಾನಾಥನ ಫೋಟೊ ಬಂದ ಕೂಡಲೇ ಡಾಕ್ಟರ್ ಬೇಬಿ ತಲೆ ತಗ್ಗಿಸಿ ಕಣ್ಣು ಮುಚ್ಚಿಕೊಂಡಳು.

ಆ ಫೋಟೊ ಹುಡುಕಿ ಹಾಕಿದವಳು ಅವಳೇ. ಸುತ್ತ ಕಪ್ಪು ಚೌಕಟ್ಟು ಕೂರಿಸಿದವಳೂ ಅವಳೇ. ಕೆಳಗೆ 'ನಮ್ಮನ್ನಗಲಿದ ಸಹಪಾಠಿ ಡಾ. ತಾರಾನಾಥ ಶೆಟ್ಟಿ, ಅಜೆಕಾರು' ಎಂದು ಬರೆಯುವಾಗ ಎರಡು ಸಲ ಅಳಿಸಿ ಬರೆದಿದ್ದಳು.

ಮಣಿಪಾಲದ ಹೋಟೆಲೊಂದರ ಸಭಾಂಗಣ. 1980ರಲ್ಲಿ ಮೆಡಿಕಲ್ ಕಾಲೇಜು ಸೇರಿದವರ ಪುನರ್ಮಿಲನ. ನಲವತ್ತೆರಡು ಮಂದಿ ಡಾಕ್ಟರುಗಳು ಒಂದು ನಿಮಿಷದ ಮೌನಕ್ಕೆ ಎದ್ದು ನಿಂತಿದ್ದರು. ಎದ್ದು ನಿಲ್ಲುವುದಕ್ಕೇ ಕೆಲವರಿಗೆ ಅರ್ಧ ನಿಮಿಷ ಬೇಕಾಗಿತ್ತು. ಡಾಕ್ಟರೆಂದು ಮಂಡಿನೋವು ಬಿಡುತ್ತದೆಯೇ!

ಮೌನ ಮುಗಿಯುವ ಮೊದಲೇ ಹಿಂದಿನ ಬಾಗಿಲು ತೆರೆಯಿತು.

"ಯಾರಿಗೆ ಮಾರಾಯ್ರೆ ಈ ಮೌನ? ನಾನೂ ನಿಲ್ಲಬೇಕಾ?"

ಆ ಧ್ವನಿ… ಬೇಬಿ ಕಣ್ಣು ತೆರೆದಳು. ತಿರುಗಿ ನೋಡಿದಳು.

ಬಿಳಿ ಅಂಗಿ, ಕೈಯಲ್ಲೊಂದು ಕೊಡೆ. ಕೂದಲು ಪೂರ್ತಿ ನರೆತಿತ್ತು. ತಲೆ ಒಂದು ಬದಿಗೆ ವಾಲಿಸಿ ನಗುವ ಕ್ರಮ ಮಾತ್ರ ಹಾಗೇ ಇತ್ತು.

ತಾರಾನಾಥ! ಬದುಕಿದ್ದಾನೆ!

"ಅಯ್ಯೋ ದೇವರೇ!" ಎಂದು ಪಕ್ಕದಲ್ಲಿದ್ದ ಗೆಳತಿ ಬರ್ತಾ ಕುರ್ಚಿಯಲ್ಲಿ ಕುಸಿದು ಕುಳಿತಳು. ವೇದಿಕೆಯ ಮೇಲೆ ಕಾರ್ಯಕ್ರಮ ನಡೆಸುತ್ತಿದ್ದ ಬೆಂಜಮಿನ್ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಆದದ್ದು ಇಷ್ಟು. ಹದಿನೈದು ದಿನಗಳ ಹಿಂದೆ ಯಾರೋ ಒಬ್ಬರು, ತಾರಾನಾಥ ಸೇರಿರದ ಸಹಪಾಠಿಗಳ ವಾಟ್ಸಪ್ ಗುಂಪಿಗೆ ಪತ್ರಿಕೆಯ ಒಂದು ತುಣುಕು ಹಾಕಿದ್ದರು: ಕಾರ್ಕಳ ತಾಲೂಕಿನ ಹಿರಿಯ ವೈದ್ಯ ತಾರಾನಾಥ ಶೆಟ್ಟಿ ನಿಧನ. ನಿಜವಾಗಿ ಸತ್ತವರು ಅದೇ ಹೆಸರಿನ, ಎಂಬತ್ತನಾಲ್ಕರ ಒಬ್ಬ ಆಯುರ್ವೇದ ಪಂಡಿತರು. ತುಣುಕಿನಲ್ಲಿ ವಯಸ್ಸಿನ ಸಾಲೇ ಕತ್ತರಿಸಿಹೋಗಿತ್ತು. ಒಂದು ಗಂಟೆಯೊಳಗೆ ಮೂವತ್ತು ಜೋಡಿ ಕೈಮುಗಿದ ಚಿತ್ರಗಳು ಬಂದು ಬಿದ್ದವು. ಮನೆಯವರಿಗೆ ಸಾಂತ್ವನ ಹೇಳಲು ಫೋನ್ ಮಾಡಿದವನು ಬೆಂಜಮಿನ್ ಒಬ್ಬನೇ. ಫೋನ್ ಎತ್ತಿದವನು ಸತ್ತವನೇ! "ಯಾರಿಗೂ ಹೇಳಬೇಡ, ನಾನೇ ಬಂದು ಹೇಳ್ತೇನೆ" ಎಂದಿದ್ದನಂತೆ.

"ಪೆನ್ಸಿಲಿನ್ ಬಂದ! ಪೆನ್ಸಿಲಿನ್‌ಗೆ ಸಾವಿಲ್ಲ!" ಎಂದು ಯಾರೋ ಕೂಗಿದರು. ಸಭೆ ಚಪ್ಪಾಳೆ ತಟ್ಟಿತು.

ಆ ಅಡ್ಡಹೆಸರು ಕೇಳಿದ್ದೇ ಬೇಬಿ ಚಪ್ಪಾಳೆಗೆತ್ತಿದ ಕೈ ಇಳಿಸಿದಳು. ಇನ್ನೂ ಇವರು ಅದನ್ನು ಮರೆತಿಲ್ಲ…

ತಾರಾನಾಥ ಪರದೆಯತ್ತ ಕೊಡೆ ತೋರಿಸಿದ. "ಈ ಕಪ್ಪು ಚೌಕಟ್ಟು ಯಾರ ಕೈಕೆಲಸ?"

ಎಲ್ಲರೂ ಬೇಬಿಯನ್ನು ನೋಡಿದರು.

"ನೀನಾ ಬೇಬಿ?" ಅವನ ನಗು ಒಂದು ಕ್ಷಣ ನಿಂತು ಮತ್ತೆ ಬಂತು. "ನಾಡಿ ಮುಟ್ಟದೆ ಡೆತ್ ಡಿಕ್ಲೇರ್ ಮಾಡಿದ್ದಾ? ಫೈನಲ್ ಇಯರಿನಲ್ಲಿ ಹೀಗೆ ಮಾಡಿದ್ರೆ ಫೇಲ್ ಮಾಡ್ತಿದ್ರು."

ಸಭೆ ಗೊಳ್ಳೆಂದಿತು. ಬೇಬಿಗೆ ನಗು ಬರಲಿಲ್ಲ. "ಸಾರಿ…" ಎಂದದ್ದು ಅವಳಿಗೇ ಕೇಳಿಸಲಿಲ್ಲ.

ಅವಳ ಹತ್ತಿರ ಅವನ ನಂಬರು ಇರಲಿಲ್ಲವೇ? ಇತ್ತು. ಮಸ್ಕತ್‌ನ ಆಸ್ಪತ್ರೆಯಿಂದ ನಿವೃತ್ತಳಾಗಿ, ಗಂಡನನ್ನು ಅಲ್ಲೇ ಕಳೆದುಕೊಂಡು, ಹುಟ್ಟೂರು ಕಾಪುವಿಗೆ ಮರಳಿದ ದಿನದಿಂದಲೂ ಇತ್ತು. ಸಹಪಾಠಿಗಳ ಸುದ್ದಿ ಒಟ್ಟುಮಾಡುವ ಕೆಲಸ ಅವಳ ಪಾಲಿಗೆ ಬಂದಾಗ ಎಲ್ಲರಿಗೂ ಫೋನ್ ಮಾಡಿದ್ದಳು. ಇವನ ನಂಬರಿನ ಆರು ಅಂಕಿ ಒತ್ತುವಷ್ಟರಲ್ಲಿ ಪ್ರತಿ ಸಲವೂ ಬೆರಳು ನಿಲ್ಲುತ್ತಿತ್ತು. ಸಾವಿನ ಸುದ್ದಿ ಬಂದಾಗಲೂ ಅಷ್ಟೇ. ಅತ್ತಳು. ಫೋನ್ ಮಾಡಲಿಲ್ಲ.

ಯಾಕೆಂದರೆ, ಮೂವತ್ತೊಂಬತ್ತು ವರ್ಷಗಳಿಂದ ಅವನ ಮುಂದೆ ನಿಲ್ಲುವ ಮುಖ ಅವಳಿಗಿರಲಿಲ್ಲ.

ಇಂಟರ್ನ್‌ಶಿಪ್ಪಿನ ಹಳ್ಳಿ ಪೋಸ್ಟಿಂಗ್. ಒಂದು ಸಣ್ಣ ಆರೋಗ್ಯ ಕೇಂದ್ರ. ರಸ್ತೆ ಕೆಲಸಕ್ಕೆ ಗದಗದ ಕಡೆಯಿಂದ ಬಂದ ಯಂಕವ್ವ ಎಂಬ ಹೆಂಗಸಿಗೆ ಜ್ವರ, ಗಂಟಲುನೋವು. ಹೊರಗೆ ಉದ್ದ ಸಾಲು. ಮೊದಲು ಟೆಸ್ಟ್ ಡೋಸ್ ಎಂದು ಚರ್ಮಕ್ಕೆ ಸ್ವಲ್ಪ ಮದ್ದು ಚುಚ್ಚಿ, ಒಗ್ಗುತ್ತದೋ ಇಲ್ಲವೋ ಎಂದು ಕಾದು ನೋಡಿ ಆಮೇಲೆ ಪೆನ್ಸಿಲಿನ್ ಕೊಡಬೇಕು. ಬೇಬಿ ಅದನ್ನು ಬಿಟ್ಟು ನೇರವಾಗಿ ಪೆನ್ಸಿಲಿನ್ ಚುಚ್ಚಿದಳು. ಎರಡೇ ನಿಮಿಷದಲ್ಲಿ ಯಂಕವ್ವ ನೆಲಕ್ಕುರುಳಿದಳು. ಪಕ್ಕದ ಕೋಣೆಯಿಂದ ಓಡಿಬಂದ ತಾರಾನಾಥ ಅಡ್ರಿನಲಿನ್ ಕೊಟ್ಟು ಅವಳ ಜೀವ ಉಳಿಸಿದ.

"ಇಂಜೆಕ್ಷನ್ ಕೊಟ್ಟದ್ದು ಯಾರು?" ಎಂದು ದೊಡ್ಡ ಡಾಕ್ಟರು ಗುಡುಗಿದರು.

"ನಾನು ಸರ್" ಎಂದ ತಾರಾನಾಥ.

ಬೇಬಿ ಬಾಯಿ ತೆರೆದಳು. ಮುಚ್ಚಿದಳು. ಆ ತಪ್ಪನ್ನು ಮತ್ತೆ ಮೂವತ್ತೊಂಬತ್ತು ವರ್ಷ ದಿನವೂ ಮಾಡಿದಳು.

ಅವನ ಇಂಟರ್ನ್‌ಶಿಪ್ ಆರು ತಿಂಗಳು ಮುಂದಕ್ಕೆ ಹೋಯಿತು. ಪಿ.ಜಿ. ಪರೀಕ್ಷೆ ತಪ್ಪಿತು. ಮರುವರ್ಷ ತಂದೆ ಹಾಸಿಗೆ ಹಿಡಿದರು, ಅವನು ಅಜೆಕಾರಿನಲ್ಲೇ ಉಳಿದ. ಅವಳು ಮಕ್ಕಳ ತಜ್ಞೆಯಾದಳು. ಅವನು 'ಪೆನ್ಸಿಲಿನ್' ಆದ.

ಅವಳ ಇಂಟರ್ನ್‌ಶಿಪ್ ಮುಗಿದ ದಿನ ಅವನು ಅವಳನ್ನು ಕೇಳಿಕೊಂಡದ್ದು ಒಂದೇ. "ನಾಳೆ ಊರಿಗೆ ಹೋಗುವಾಗ ಕಟಪಾಡಿಯಲ್ಲಿ ಇಳಿ. ಒಂದು ಮಾತು ಹೇಳ್ಲಿಕ್ಕುಂಟು."

ಆ ಮಾತು ಏನೆಂದು ಅವಳಿಗೆ ಗೊತ್ತಿತ್ತು. ಅವಳ ಮನಸ್ಸಿನಲ್ಲೂ ಅದೇ ಮಾತು ಎರಡು ವರ್ಷದಿಂದ ಇತ್ತು. ಕಾಪುವಿನ ಬಸ್ಸು ಕಟಪಾಡಿಯಲ್ಲಿ ನಿಂತಿತು. ಕಿಟಕಿಯಿಂದ ಕಂಡಳು… ಕೆಂಪು ಅಂಗಿ, ಬಾಚಿದ ಕೂದಲು, ಪ್ರತಿ ಬಾಗಿಲನ್ನೂ ಹುಡುಕುವ ಕಣ್ಣು. ಇವನ ಬದುಕು ಹಾಳು ಮಾಡಿ ಇವನನ್ನೇ ಕಟ್ಟಿಕೊಳ್ಳುವುದೇ? ಸೀಟಿನಲ್ಲಿ ಕುಗ್ಗಿ ಕುಳಿತಳು. ಬಸ್ಸು ಹೊರಟಿತು.

"ಮೊದಲ ಕೇಸ್!" ಎಂದು ಬೆಂಜಮಿನ್ ಮೈಕಿನಲ್ಲಿ ಕೂಗಿದಾಗ ಬೇಬಿ ಎಚ್ಚೆತ್ತಳು.

ಅದು ಬೆಂಜಮಿನ್ನನ ಉಪಾಯ. ಪ್ರತಿಯೊಬ್ಬರೂ ಬಂದು ತಮ್ಮ ಬದುಕನ್ನೇ ಒಂದು ರೋಗಿಯ ಕೇಸಿನಂತೆ ಹೇಳಬೇಕು: ಮುಖ್ಯ ತೊಂದರೆ, ಎಷ್ಟು ಸಮಯದಿಂದ, ಈಗಿನ ಸ್ಥಿತಿ.

ಬರ್ತಾ ಮೊದಲು ಬಂದಳು. "ಮುಖ್ಯ ತೊಂದರೆ, ನಿವೃತ್ತಿ. ಮೂರು ವರ್ಷದಿಂದ. ಗಂಡ ಮನೆಯಲ್ಲಿದ್ದಾಗ ಜೋರಾಗ್ತದೆ, ಪೇಟೆಗೆ ಹೋದಾಗ ಕಡಿಮೆಯಾಗ್ತದೆ!"

ನಗು ನಿಲ್ಲುವ ಹೊತ್ತಿಗೆ ತಾರಾನಾಥ ಮೈಕು ಹಿಡಿದಿದ್ದ.

"ಮುಖ್ಯ ತೊಂದರೆ, ಸತ್ತಿದ್ದೇನೆ. ಹದಿನೈದು ದಿನದಿಂದ. ಅದರ ಮೊದಲು ಮೂವತ್ತೇಳು ವರ್ಷ ಅಜೆಕಾರಿನಲ್ಲಿ ಕ್ಲಿನಿಕ್ ಇತ್ತು. ಹೋದ ತಿಂಗಳು ಬಾಗಿಲು ಹಾಕಿದೆ. ಹೆಂಡತಿ ಸುಮತಿ ತೀರಿಕೊಂಡು ಎಂಟು ವರ್ಷ. ಮಗಳು ಧೃತಿ ಕಾರ್ಕಳದಲ್ಲಿ ಹಲ್ಲಿನ ಡಾಕ್ಟರು. ಸರ್ಜನ್ ಆಗಬೇಕೂಂತ ಇತ್ತು. ಆಗಲಿಲ್ಲ. ಕುರು ಕೊಯ್ದದ್ದೇ ನನ್ನ ದೊಡ್ಡ ಆಪರೇಷನ್."

"ಟೆಸ್ಟ್ ಡೋಸ್ ಕೊಟ್ಟಿದ್ರೆ ಸರ್ಜನ್ ಆಗ್ತಿದ್ದೆ ಮಾರಾಯ!" ಎಂದ ಹಿಂದಿನ ಸಾಲಿನವನೊಬ್ಬ.

ತಾರಾನಾಥನೂ ನಕ್ಕ. ನಗುತ್ತಲೇ ಬೇಬಿಯ ಕಡೆ ನೋಡಿ, ಯಾರಿಗೂ ತಿಳಿಯದಂತೆ, ಹೇಳಬೇಡ ಎಂಬಂತೆ ತಲೆಯಾಡಿಸಿದ.

ಇವತ್ತೂ ನನ್ನನ್ನೇ ಕಾಪಾಡುತ್ತಿದ್ದಾನಲ್ಲ! ಇವನನ್ನು ಸಾಯಿಸಿ ಚೌಕಟ್ಟು ಹಾಕಿದ ದಿನವೂ!

"ನಾನು ಹೇಳಬೇಕು" ಎಂದು ಬೇಬಿ ಎದ್ದಳು. ವೇದಿಕೆಗೆ ಹೋಗಿ ಮೈಕು ಕೈಗೆತ್ತಿಕೊಂಡಳು.

"ಮುಖ್ಯ ತೊಂದರೆ… ಹೇಡಿತನ. ಮೂವತ್ತೊಂಬತ್ತು ವರ್ಷದಿಂದ."

ಒಬ್ಬಿಬ್ಬರು ನಗಲು ಹೊರಟು ಸುಮ್ಮನಾದರು.

"ಅವತ್ತು ಟೆಸ್ಟ್ ಡೋಸ್ ಕೊಡದೆ ಪೆನ್ಸಿಲಿನ್ ಚುಚ್ಚಿದ್ದು ತಾರಾನಾಥ ಅಲ್ಲ. ನಾನು. ಅವನು ಆ ಹೆಂಗಸಿನ ಜೀವ ಉಳಿಸಿದ, ಆಮೇಲೆ ನನ್ನ ತಪ್ಪನ್ನು ತನ್ನ ಮೈಮೇಲೆ ಹಾಕಿಕೊಂಡ. ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಆಡಲಿಲ್ಲ. ಆ ಅಡ್ಡಹೆಸರು ನನ್ನದು. ಕರೆಯುವುದಾದರೆ ನನ್ನನ್ನು ಕರೆಯಿರಿ."

ಈಗ ನಿಜವಾದ ಮೌನ ಬಂತು. ತಾರಾನಾಥ ಕೊಡೆ ತೆಗೆದುಕೊಂಡು ಎದ್ದ, ಯಾರನ್ನೂ ನೋಡದೆ ಹೊರಗೆ ನಡೆದ.

ಬೇಬಿ ಹಿಂದೆಯೇ ಓಡಿದಳು. ಅವನು ವರಾಂಡದ ಕಂಬಕ್ಕೆ ಒರಗಿ ನಿಂತಿದ್ದ. ಕಣ್ಣು ಒದ್ದೆಯಾಗಿತ್ತು.

"ಸಿಟ್ಟು ಬಂತಾ?"

"ಬಂತು. ಯಾಕೆ ಹೇಳಿದ್ದು? ಯಾರು ಕೇಳಿದ್ದು?"

"ಸರ್ಜನ್ ಆಗಲಿಲ್ಲ ಅಂದೆಯಲ್ಲ… ಅದು ನನ್ನಿಂದ."

"ಹೌದು, ನಿನ್ನಿಂದಲೇ. ಬೇಜಾರಾಗಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ನಾಲ್ಕೈದು ವರ್ಷ ತುಂಬಾ ಬೇಜಾರಿತ್ತು. ಆದ್ರೆ ನಾನು ಹೇಳಿದ ಸುಳ್ಳಿಗೆ ನನ್ನನ್ನು ಯಾರೂ ನೂಕಿರಲಿಲ್ಲ, ಬೇಬಿ."

ಬೇಬಿ ಸೆರಗಿನಿಂದ ಮುಖ ಒರೆಸಿಕೊಂಡಳು. ಇಷ್ಟು ವರ್ಷ ಕೇಳಲು ಹೆದರಿದ್ದ ಪ್ರಶ್ನೆ ತುಟಿಗೆ ಬಂತು. "ಆ ಯಂಕವ್ವ… ಆಮೇಲೆ ಎಂತ ಆದಳು?"

"ಎಂತ ಆಗ್ಲಿಕ್ಕುಂಟು? ಅಜೆಕಾರಿನಲ್ಲೇ ಮನೆ ಮಾಡಿದ್ದಾಳೆ. ನಾಲ್ಕು ಮೊಮ್ಮಕ್ಕಳು. ವಾರಕ್ಕೊಮ್ಮೆ ಬಿಪಿ ನೋಡಿಸ್ಲಿಕ್ಕೆ ಈಗ್ಲೂ ಮನೆಗೆ ಬರ್ತಾಳೆ. ಸೂಜಿ ಕಂಡ್ರೆ ಮಾತ್ರ ಇವತ್ತಿಗೂ ಓಡ್ತಾಳೆ."

ಬೇಬಿ ನಕ್ಕಳು. ನಗುತ್ತಲೇ ಅತ್ತುಬಿಟ್ಟಳು. ಅವಳು ಬದುಕಿದ್ದಾಳೆ! ಮೊಮ್ಮಕ್ಕಳನ್ನು ಆಡಿಸುತ್ತಿದ್ದಾಳೆ!

"ಅವತ್ತು ನಾನು ಕಟಪಾಡಿಯಲ್ಲಿ ಸಂಜೆವರೆಗೆ ಕಾದೆ" ಎಂದ ತಾರಾನಾಥ ಮೆಲ್ಲಗೆ. "ನೀನು ಬರಲಿಲ್ಲ. ಉಪಕಾರ ಮಾಡಿ ಬದಲಿಗೆ ಹುಡುಗಿಯನ್ನೇ ಕೇಳ್ತಾನೆ, ಇವ ಎಂಥ ಮನುಷ್ಯ ಅಂತ ನೀನು ಅಂದುಕೊಂಡಿದ್ದೀ ಅಂತ ತಿಳ್ಕೊಂಡೆ. ನಾಚಿಕೆಯಾಯ್ತು. ಮತ್ತೆ ನಿನ್ನ ದಾರಿಗೆ ಬರಲಿಲ್ಲ."

"ಇಲ್ಲ!" ಬೇಬಿ ಬೆಚ್ಚಿದಳು. "ನಾನು ಬಂದಿದ್ದೆ… ಬಸ್ಸಿನಲ್ಲಿದ್ದೆ. ನಿನ್ನನ್ನು ನೋಡಿದೆ. ಕೆಂಪು ಅಂಗಿ ಹಾಕಿದ್ದೆ ನೀನು. ನೀನು ಬೇಡ ಅಂತಲ್ಲ, ತಾರಾನಾಥ. ನಿನಗೆ ನಾನು ತಕ್ಕವಳಲ್ಲ ಅಂತ ಇಳಿಯಲಿಲ್ಲ."

ಅವನು ಕೊಡೆಯ ಹಿಡಿಯನ್ನು ತಿರುಗಿಸುತ್ತ ನಿಂತ. ಒಳಗಿನಿಂದ ಬೆಂಜಮಿನ್ ಊಟಕ್ಕೆ ಕರೆಯುತ್ತಿದ್ದುದು ಕೇಳಿಸಿತು.

"ಸುಮತಿ ಒಳ್ಳೆಯವಳಿದ್ದಳು" ಎಂದ ಕೊನೆಗೆ. "ಅವಳ ಜೊತೆ ಚೆನ್ನಾಗಿಯೇ ಬದುಕಿದೆ. ಆದ್ರೂ ಬಸ್ಸಿನಲ್ಲಿ ಕಟಪಾಡಿ ದಾಟುವಾಗ ಇವತ್ತಿಗೂ ಬಾಗಿಲ ಕಡೆ ನೋಡ್ತೇನೆ. ಹುಚ್ಚು, ಅಲ್ವಾ?"

ಬೇಬಿ ಕೈಚೀಲದಿಂದ ಕಾರಿನ ಕೀ ತೆಗೆದಳು. "ಬಾ."

"ಎಲ್ಲಿಗೆ? ಊಟ?"

"ಊಟ ಆಮೇಲೆ."

ಕಾರು ಉಡುಪಿ ದಾಟಿ ಹೆದ್ದಾರಿ ಹಿಡಿಯಿತು. ಕಟಪಾಡಿ ಈಗ ಗುರುತೇ ಸಿಗದಷ್ಟು ಬದಲಾಗಿತ್ತು. ಬೇಬಿ ಬಿಸಿ ಗೋಳಿಬಜೆ ಕರಿಯುವ ಒಂದು ಅಂಗಡಿಯ ಪಕ್ಕ ಕಾರು ನಿಲ್ಲಿಸಿ, ಬಾಗಿಲು ತೆರೆದು ಎರಡೂ ಕಾಲು ನೆಲಕ್ಕಿಟ್ಟಳು. ಬಸ್ಸುಗಳ ಹಾರ್ನು, ಆಟೋದವರ ಕೂಗು, ನೆತ್ತಿಯ ಮೇಲೆ ಬಿಸಿಲು.

"ಇಳಿದೆ, ನೋಡು" ಎಂದಳು.

ತಾರಾನಾಥ ಆಚೆಯಿಂದ ಸುತ್ತಿ ಬಂದು ಅವಳ ತಲೆಗೂ ಸೇರಿಸಿ ಕೊಡೆ ಬಿಡಿಸಿದ. "ಬಸ್ಸು ಸ್ವಲ್ಪ ಲೇಟಾಯ್ತು, ಅಲ್ವಾ?"

"ಅವತ್ತು ಹೇಳಬೇಕೂಂತ ಇದ್ದ ಮಾತು… ಈಗಲೂ ಉಂಟಾ?"

"ಉಂಟು. ಆದ್ರೆ ಸತ್ತವ ಹೇಗೆ ಹೇಳುವುದು? ಮೊದಲು ನೀನು ನನ್ನನ್ನು ಬದುಕಿಸು." ಅವನು ಅಂಗಿಯ ತೋಳು ಸರಿಸಿ ಮಣಿಕಟ್ಟು ಮುಂದೆ ಚಾಚಿದ. "ಈಗಲಾದ್ರೂ ನಾಡಿ ನೋಡು."

ಬೇಬಿ ಮೂರು ಬೆರಳಿಟ್ಟಳು. ವಾಚು ನೋಡಿದಳು. ಮಣಿಕಟ್ಟು ಬೆಚ್ಚಗಿತ್ತು. ಹದಿನೈದು ದಿನ ಅತ್ತ ಕಣ್ಣು ಮತ್ತೆ ತುಂಬಿತು, ವಾಚಿನ ಮುಳ್ಳು ಮಸುಕಾಯಿತು.

"ಎಷ್ಟುಂಟು?"

"ಗೊತ್ತಿಲ್ಲ… ಎಣಿಕೆ ತಪ್ಪಿತು."

ತಾರಾನಾಥ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಇನ್ನೊಮ್ಮೆ ಎಣಿಸು. ನನಗೆ ಅರ್ಜೆಂಟ್ ಎಂತ ಇಲ್ಲ, ರಿಟೈರ್ ಆಗಿದ್ದೇನೆ."