ಹದಿನಾರು ಅಂಕೆಗಳ ಸಾಕ್ಷಿ

ಪುಸ್ತಕ ಬಿಡುಗಡೆಯಾದ ದಿನ ಅಣ್ಣ ವೇದಿಕೆಯಲ್ಲಿ ಅವನ ಹೆಗಲ ಮೇಲೆ ಕೈ ಹಾಕಿ, "ಇವನು ನನ್ನ ತಮ್ಮ. ಅಚ್ಚಿನ ತಪ್ಪು ತಿದ್ದಿಕೊಟ್ಟವನು," ಎಂದ. ಸಭೆ ಚಪ್ಪಾಳೆ ತಟ್ಟಿತು. ಒಳಗಿನ ಒಂದೊಂದು ಪುಟವೂ ತಮ್ಮನದು. ರಟ್ಟಿನ ಮೇಲಿನ ಹೆಸರು ಮಾತ್ರ ಅಣ್ಣನದು. ಅಂದೇ ಅವನ ಮನಸ್ಸಿನಲ್ಲಿ ಅಣ್ಣ ಸತ್ತುಹೋದ. ಉಳಿದದ್ದು ಅದನ್ನು ಅಚ್ಚುಕಟ್ಟಾಗಿ ಮುಗಿಸುವುದಷ್ಟೇ.

ಪುಸ್ತಕವಿದ್ದದ್ದು ಒಂದೇ ಒಂದು ಸಂಖ್ಯೆಯ ಬಗ್ಗೆ: 588235294117647. ಮುಂದೊಂದು ಸೊನ್ನೆ ಇಟ್ಟರೆ ಹದಿನಾರು ಅಂಕೆ. ಎರಡರಿಂದ ಗುಣಿಸಿ, ಐದರಿಂದ ಗುಣಿಸಿ, ಹದಿನಾರರವರೆಗೆ ಯಾವುದರಿಂದಲಾದರೂ ಗುಣಿಸಿ. ಅವೇ ಅಂಕೆಗಳು ಅದೇ ಸಾಲಿನಲ್ಲಿ, ಕೈ ಕೈ ಹಿಡಿದು ಸುತ್ತುವ ಮಕ್ಕಳಂತೆ, ಬೇರೊಂದು ಕಡೆಯಿಂದ ಶುರುವಾಗಿ ಬರುತ್ತವೆ. ಹದಿನೇಳರಿಂದ ಗುಣಿಸಿದರೆ ಮಾತ್ರ ಬರೀ ಒಂಬತ್ತುಗಳು. ಚಿಕ್ಕಂದಿನಿಂದಲೂ ಅವನು ಕೋಣೆಯ ಬಾಗಿಲು ಹಾಕಿಕೊಂಡು, ಈ ಅಂಕೆಗಳನ್ನು ಗಟ್ಟಿಯಾಗಿ ಹೇಳುತ್ತಾ ಅಡ್ಡಾಡುತ್ತಿದ್ದ.

"ಶುರುವಾಯ್ತಪ್ಪ ಗಿಳಿಪಾಠ," ಎಂದು ಹಜಾರದಲ್ಲಿ ಬಟ್ಟೆ ಮಡಿಸುತ್ತ ಅಮ್ಮ ರೇಗಿಸುತ್ತಿದ್ದಳು. "ಆ ಗಿಳಿಗೆ ಊಟ ಬೇಡ್ವಂತಾ?"

ಆ ಅಮ್ಮನೇ ಅವನ ಸಾಕ್ಷಿ. ಮಗ ಕೋಣೆ ಬಿಟ್ಟು ಕದಲಲಿಲ್ಲವೆಂದು ಅವಳು ಆಣೆಯಿಟ್ಟು ಹೇಳಬೇಕು. ಅಂಕೆಗಳನ್ನು ಹೇಳುವ ತನ್ನ ದನಿಯನ್ನು ಅವನು ಫೋನಿನಲ್ಲಿ ಮುದ್ರಿಸಿ, ಮುಗಿದ ಕೂಡಲೇ ಮತ್ತೆ ಮೊದಲಾಗುವಂತೆ ಇಟ್ಟ. ಬೇರೆ ಏನನ್ನು ಓದಿದ್ದರೂ ಎಲ್ಲಿ ಮುಗಿದು ಎಲ್ಲಿ ಶುರುವಾಯಿತೆಂದು ತಿಳಿದುಬಿಡುತ್ತಿತ್ತು. ಈ ಸಂಖ್ಯೆಗೆ ತಲೆಯಿಲ್ಲ, ಬಾಲವಿಲ್ಲ. ಕಿವಿಗೊಟ್ಟು ಕೇಳಿದರೂ ಅವನಿಗೇ ಹೊಲಿಗೆ ಸಿಗಲಿಲ್ಲ. ಅಣ್ಣ ಹೊತ್ತು ಮೆರೆದ ಸಂಖ್ಯೆಯೇ ಅಣ್ಣನ ಕತೆ ಮುಗಿಸಲಿದೆ ಎಂದು ನಗು ಬಂತು.

ಊಟವಾದ ಮೇಲೆ ಅತ್ತಿಗೆಯ ಕಣ್ಣು ತಪ್ಪಿಸಿ ಅಣ್ಣ ತಾರಸಿಯಲ್ಲಿ ಸಿಗರೇಟು ಸೇದುತ್ತಿದ್ದ. ಮೋಟುಗೋಡೆಯ ಮೇಲೆ ಕೂರುವುದು ಅಭ್ಯಾಸ. ಒಂದು ರಜೆಯ ದಿನ ತಮ್ಮನು ತನ್ನ ಕೋಣೆಯ ಬಾಗಿಲಿಗೆ ಚಿಲಕ ಹಾಕಿ, ದನಿ ಹಚ್ಚಿದ ಫೋನನ್ನು ಅದರ ಪಕ್ಕದಲ್ಲೇ ಇಟ್ಟು, ಸರಳಿಲ್ಲದ ಕಿಟಕಿಯಿಂದ ಹಿತ್ತಲಿಗಿಳಿದು, ಕಬ್ಬಿಣದ ಮೆಟ್ಟಿಲು ಹತ್ತಿದ.

"ಏನೋ, ನಿನಗೂ ಒಂದು ದಮ್ಮು ಬೇಕಾ?" ಎಂದು ಅಣ್ಣ ನಕ್ಕು, ಸರಿದು ಜಾಗ ಕೊಟ್ಟ.

ಎರಡೂ ಕೈಯಿಂದ ಒಂದೇ ನೂಕು.

ಮುಂದಿನ ಅಂಗಳದಿಂದ ಅತ್ತಿಗೆಯ ಚೀರಾಟ ಕೇಳುವಾಗ ಅವನು ಮೆಟ್ಟಿಲಿಳಿಯುತ್ತಿದ್ದ. ಓಡಲಿಲ್ಲ, ಕಾಲು ಜಾರಿದರೆ ಎಲ್ಲ ಹಾಳು. ಕಿಟಕಿ ಹತ್ತಿ ಒಳಬಂದು, ಫೋನು ನಿಲ್ಲಿಸಿ, ಬೆವರು ಒರೆಸಿಕೊಂಡು, ಗಾಬರಿಯ ಮುಖ ಮಾಡಿಕೊಂಡು ಚಿಲಕ ತೆಗೆದ.

ಹೊಸ್ತಿಲಾಚೆ ಅಮ್ಮ ನಿಂತಿದ್ದಳು. ಅವಳ ಹಿಂದೆ ಪಕ್ಕದ ಮನೆಯವರು. ಬಾಗಿಲು ಬಡಿದು ಬಡಿದು ಅವಳ ಅಂಗೈ ಕೆಂಪಾಗಿತ್ತು. "ಏನಮ್ಮಾ, ಏನಾಯ್ತು?" ಎಂದ. ಅವಳು ಅಳುತ್ತಿರಲಿಲ್ಲ. "ಅಣ್ಣ ಬಿದ್ದ, ಬಾರೋ, ಬಾರೋ ಅಂತ ಗಂಟಲು ಹರ್ಕೊಂಡೆ," ಎಂದಳು. "ಒಳಗಿನ ದನಿ ಒಂದಂಕೆಗೂ ತಡವರಿಸ್ಲಿಲ್ಲ." ಅವಳ ಕಣ್ಣು ಅವನನ್ನು ದಾಟಿ ತೆರೆದ ಕಿಟಕಿಗೆ ಹೋಯಿತು. "ಒಳಗಿದ್ದಿದ್ದು ಯಾರೋ, ಮಗನೇ?"