ಹೊಸ ವಾಚಿನ ಬಿಸಿ

ಷೇರಿನಲ್ಲಿ ಕೈತುಂಬ ಲಾಭ ಬಂದ ಖುಷಿಗೆ ಒಂದು ದುಬಾರಿ ವಾಚು ಕೊಂಡೆ. ಅಂಗಡಿಯವನು ನನ್ನೆದುರೇ ಸೀಲು ಒಡೆದು ಎಡಗೈಗೆ ಕಟ್ಟಿದ. ಉಕ್ಕಿನ ಪಟ್ಟಿ, ಯಾರೋ ಆಗಷ್ಟೇ ಬಿಚ್ಚಿಕೊಟ್ಟಂತೆ ಬೆಚ್ಚಗಿತ್ತು. ಅಂಗಡಿಯ ದೀಪದ ಕಾವಿರಬೇಕು ಎಂದುಕೊಂಡೆ.

ಅದನ್ನು ಡಬ್ಬಿಗೆ ಹಾಕಿ ಬೀರುವಿನಲ್ಲಿಟ್ಟು, ಒಂದು ವಾರ ಕೆಲಸದ ಮೇಲೆ ಪರವೂರಿಗೆ ಹೋದೆ. ನಾನು ಹಿಂದಿರುಗಿದ ಮಧ್ಯಾಹ್ನ ಹೆಂಡತಿ ಡಬ್ಬಿ ತೆರೆದಳು.

"ರೀ, ಈಗ ತಾನೇ ಬಿಚ್ಚಿಟ್ರಾ? ಬೆವರು ಕೂಡ ಆರಿಲ್ಲ."

"ನಾನಿನ್ನೂ ಬೂಟೇ ಬಿಚ್ಚಿಲ್ಲ ಕಣೇ."

ಅವಳು ವಾಚು ಮುಟ್ಟಿದ ಬೆರಳನ್ನು ಮೂಸಿ ನೋಡಿದಳು. "ಇದು ನಿಮ್ಮ ಬೆವರಲ್ಲ."

ಆ ಸಂಜೆಯೇ ಅಂಗಡಿಗೆ ಹೋದೆ. ಅಂಗಡಿಯವನು ವಾಚನ್ನು ಅಂಗೈಯಲ್ಲಿ ಹಿಡಿದವನೇ, ಏನೂ ಕೇಳದೆ ಹಣ ವಾಪಸು ಕೊಟ್ಟ.

ಅದಾಗಿ ವರ್ಷವಾಯಿತು. ಈಗ ನನ್ನ ಬಲಗೈ ಮಣಿಕಟ್ಟಿನಲ್ಲಿ ಬಿಸಿಲು ತಾಗದ ಬಿಳಿ ಪಟ್ಟಿಯೊಂದು ಮೂಡಿದೆ. ಆ ಕೈಗೆ ನಾನು ಎಂದೂ ಏನನ್ನೂ ಕಟ್ಟಿಲ್ಲ.