ಮೆಟ್ಟಿಲಿಲ್ಲದ ಆಸ್ಪತ್ರೆ

ಶ್ರೀನಿವಾಸಪುರದ ಸಣ್ಣ ಆಸ್ಪತ್ರೆಯೊಂದರಲ್ಲಿ ನನ್ನ ಕೆಲಸ. ಬಿದ್ದು ಪೆಟ್ಟಾಗಿ ಬಂದವರನ್ನು ಎಲ್ಲಿಂದ ಬಿದ್ದಿರಿ ಎಂದು ಕೇಳಿ, ಕಂಪ್ಯೂಟರಿನಲ್ಲಿ ಅದಕ್ಕೆ ತಕ್ಕ ಕೋಡ್ ಹಾಕಬೇಕು. ಮರಕ್ಕೊಂದು, ಬಾವಿಗೊಂದು, ಮೆಟ್ಟಿಲಿಗೊಂದು. ಮಾವಿನ ಕಾಲದಲ್ಲಿ ಮರದ್ದೇ ಹೆಚ್ಚು.

ಅವತ್ತು ಮಧ್ಯಾಹ್ನ ರಾಯಲ್ಪಾಡಿನ ಭಾರತಮ್ಮ ಮುರಿದ ಕೈ ಹಿಡಿದುಕೊಂಡು ನನ್ನ ಮುಂದೆ ನಿಂತರು. ವಾರ್ಡಿನಲ್ಲಿದ್ದ ಗಂಡನಿಗೆ ಊಟ ತಂದಿದ್ದವರು.

"ಎಲ್ಲಿಂದ ಬಿದ್ರಿ, ಅಮ್ಮ?"

"ನಿಮ್ಮ ಆಸ್ಪತ್ರೆ ಮೆಟ್ಟಿಲಿಂದಾನೇ ಕಣಮ್ಮ. ಮೇಲಿಂದ ಯಾರೋ ನನ್ನ ಹೆಸರು ಹಿಡಿದು ಕರೆದ್ರು."

ನಮ್ಮ ಕಟ್ಟಡಕ್ಕೆ ಒಂದೇ ಅಂತಸ್ತು. ಮೆಟ್ಟಿಲೇ ಇಲ್ಲ. ಆಕೆಯ ಸೆರಗಿನಿಂದ ಹಸಿ ಸುಣ್ಣದ ವಾಸನೆ ಬರುತ್ತಿತ್ತು. ಡಾಕ್ಟರು ನಕ್ಕು, "ನೆಲದ ಮೇಲೆ ಜಾರಿದ್ರು ಅಂತ ಹಾಕಿ, ರಂಜಿತ" ಎಂದರು. ಹಾಗೇ ಹಾಕಿದೆ.

ಅಂದಿನಿಂದ ಉರಿಬಿಸಿಲಲ್ಲೂ ನನ್ನ ಪಾದಗಳು ಮಾತ್ರ ತಣ್ಣಗಿರುತ್ತಿದ್ದವು. ಮೇಜಿನಿಂದ ಪೆನ್ನು ಬಿದ್ದರೆ ಟಕ್, ಟಕ್ ಎಂದು ಕೆಳಕೆಳಗೆ ಇಳಿದು ಹೋದಂತೆ ಕೇಳುತ್ತಿತ್ತು. ಬಗ್ಗಿ ನೋಡಿದರೆ ನನ್ನ ಕಾಲ ಬಳಿಯೇ ಇರುತ್ತಿತ್ತು.

ಕೈಯ ಕಟ್ಟು ಬಿಚ್ಚಿಸಲು ಬಂದ ಭಾರತಮ್ಮ ಬಾಗಿಲಲ್ಲೇ ನಿಂತುಬಿಟ್ಟರು. ಎತ್ತರದಲ್ಲಿರುವವರನ್ನು ನೋಡುವಂತೆ ತಲೆಯೆತ್ತಿ ನನ್ನನ್ನು ನೋಡಿದರು.

"ಇನ್ನೂ ಆ ಮೆಟ್ಟಿಲ ಮೇಲೇ ಕೂತ್ಕೊಂಡು ಕೆಲಸ ಮಾಡ್ತೀಯಲ್ಲಮ್ಮ, ನಿಂಗೆ ಭಯ ಆಗಲ್ವಾ?"